ಬಾಣಂತಿಯ ನಿದ್ದೆಗೆ ಯಾರು ಹೊಣೆ?

"ಹುಚ್ಚಿನ ಮನೆತನ ಅನ್ನೋದನ್ನ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದಿರಿ. ಈಗ ದಂಡ ಕಟ್ಟಿ, ಇಲ್ಲಾ ನಿಮ್ಮ ಮಗಳನ್ನ ನೀವೇ ಇಟ್ಕೊಳ್ಳಿ."

ನಮ್ಮ ಸಂಘದ ಮುಂದೆ ನಡೆದ ಒಂದು ಪಂಚಾಯ್ತಿಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಆಡಿದ ಮಾತಿದು. ಹುಡುಗಿಗೆ ಆಗ 22 ವರ್ಷ. ಚೊಚ್ಚಲ ಹೆರಿಗೆಯಾಗಿ ಒಂದೂವರೆ ತಿಂಗಳಾಗಿತ್ತು. ಹೆಣ್ಣುಮಗು. ಮದುವೆಯಲ್ಲಿ ಕೊಡದೆ ಬಾಕಿ ಉಳಿದಿದ್ದ ವರದಕ್ಷಿಣೆಗೂ ಈಗ ಕೇಳುತ್ತಿದ್ದ ದಂಡಕ್ಕೂ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾಯಿಲೆ ಅವರಿಗೆ ವಸೂಲಿಯ ನೆಪವಾಗಿ ಒದಗಿತ್ತು.

ನಡೆದದ್ದು ಇಷ್ಟು. ತವರಿನಲ್ಲಿ ತಾಯಿ ಕೂಲಿ ಮಾಡುವವಳು, ತಂದೆ ಇಲ್ಲ. ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಒಂದೂವರೆ ದಿನ ನೋವು ತಿಂದು ಹೆತ್ತವಳು. ಮನೆಗೆ ಬಂದ ಮೇಲೆ ರಾತ್ರಿಯೆಲ್ಲ ಮಗುವಿನ ಅಳು. ಹಗಲು ಮಲಗಿದರೆ ಮೈಗೆ ನೀರು ಸೇರುತ್ತದೆಂದು ಅತ್ತೆ ಮಲಗಗೊಡಲಿಲ್ಲ. ಐದನೆಯ ದಿನದಿಂದ ಅವಳಿಗೇ ನಿದ್ದೆ ಬೇಡವಾಯಿತು. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳ ಗುಡಿಸುವಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು. "ನಮ್ಮ ಸೊಸೆ ಎಷ್ಟು ಚುರುಕು ನೋಡಿ, ಬಾಣಂತಿ ಅಂತ ಮಲಗಿಲ್ಲ" ಎಂದು ಅತ್ತೆ ನೆರೆಹೊರೆಯವರ ಮುಂದೆ ಹೊಗಳಿದರಂತೆ. ಒಂಬತ್ತನೆಯ ದಿನ ಅವಳು "ಈ ಮಗು ನನ್ನದಲ್ಲ, ಬದಲಾಯಿಸಿದ್ದಾರೆ" ಎಂದು ಕೂಗತೊಡಗಿದಳು. ಆಮೇಲೆ ಗಾಳಿ ಸೋಕಿದೆ ಎಂದು ತಾಯತ, ಬೇವಿನ ಸೊಪ್ಪಿನ ಏಟು. ಕೊನೆಗೆ ಮಗುವನ್ನು ಕಿತ್ತಿಟ್ಟುಕೊಂಡು ಅವಳನ್ನು ತವರಿನ ಬಾಗಿಲಲ್ಲಿ ಬಿಟ್ಟುಹೋದರು.

ಇಲ್ಲಿಯವರೆಗಿನ ತಪ್ಪು ಅವರದು. ಮುಂದಿನದರಲ್ಲಿ ನನ್ನ ಪಾಲೂ ಇದೆ.

ಪಂಚಾಯ್ತಿಗೆ ಮುಂಚೆ ಹುಡುಗಿಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು: "ಅಕ್ಕಾ, ನನ್ನ ತಂಗಿಗೂ ಬಾಣಂತನದಲ್ಲಿ ಹಿಂಗೇ ಆಗಿತ್ತು. ಬಾವಿಗೆ ಬಿದ್ದು ಹೋದಳು." ನಾನು ಏನು ಹೇಳಿದೆ ಗೊತ್ತೇ? "ಇದನ್ನ ಯಾರ ಮುಂದೂ ಬಾಯಿ ಬಿಡಬೇಡಿ. ಅವರ ಕೈಗೆ ನಾವೇ ಕತ್ತಿ ಕೊಟ್ಟ ಹಾಗಾಗುತ್ತೆ." ಆ ಹೊತ್ತಿಗೆ ಅದೇ ಸರಿ ಎನಿಸಿತ್ತು. ಪಂಚಾಯ್ತಿಯಲ್ಲಿ ಗೆದ್ದೆವು. ದಂಡ ಕಟ್ಟಲಿಲ್ಲ, ಮಗು ತಾಯಿಯ ಮಡಿಲಿಗೆ ಬಂತು. ಆದರೆ ಆಸ್ಪತ್ರೆಯಲ್ಲಿ ಮನೋವೈದ್ಯರು "ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೆ?" ಎಂದು ಕೇಳಿದಾಗ ಆ ತಾಯಿ ನನ್ನ ಮುಖ ನೋಡಿದಳು. ಆಮೇಲೆ "ಇಲ್ಲ" ಎಂದಳು. ನಾನೂ ಸುಮ್ಮನಿದ್ದೆ.

ಔಷಧದಿಂದ ಹುಡುಗಿ ಎರಡು ತಿಂಗಳಲ್ಲಿ ಗುಣವಾಗಿ ಗಂಡನ ಮನೆಗೆ ಹೋದಳು. ಮೂರು ವರ್ಷದ ಮೇಲೆ ಮತ್ತೆ ಬಸುರಿಯಾದಾಗ ತಾಯಿ ಕಾರ್ಡಿನಲ್ಲಿ ಹಳೆಯ ಕಾಯಿಲೆಯ ವಿಷಯ ಬರೆಸಲಿಲ್ಲ. ಬರೆಸುವುದು ಬೇಡ ಎಂದವರಲ್ಲಿ ನಾನೂ ಒಬ್ಬಳು. ಹೆರಿಗೆಯಾದ ಆರನೆಯ ರಾತ್ರಿ ಅವಳು ಮನೆ ಬಿಟ್ಟು ಬಾವಿಕಟ್ಟೆಯ ಮೇಲೆ ಹೋಗಿ ಕೂತಿದ್ದಳು. ಬೆಳಗಿನ ಜಾವ ನೀರಿಗೆ ಬಂದ ಹೆಂಗಸೊಬ್ಬಳು ನೋಡಿ ಹಿಡಿದುಕೊಂಡಿದ್ದರಿಂದ ಉಳಿದಳು. ಈ ಸಲ ನಾನೇ ಮುಂದೆ ನಿಂತು ವೈದ್ಯರಿಗೆ ಎಲ್ಲವನ್ನೂ ಹೇಳಿದೆ. "ಮೊದಲೇ ಗೊತ್ತಿದ್ದರೆ ಬಸುರಿಯಿದ್ದಾಗಲೇ ತಯಾರಿ ಮಾಡಿಕೊಳ್ಳುತ್ತಿದ್ದೆವಲ್ಲಮ್ಮ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಅಂದಿನಿಂದ ಈ ಕಾಯಿಲೆಯ ಬಗ್ಗೆ ಓದಿದ್ದೇನೆ, ಬಲ್ಲವರನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯ ಇಷ್ಟು. ಇದರಲ್ಲಿ ಎರಡು ಎಳೆಗಳು ಸೇರಿಕೊಂಡಿವೆ. ಒಂದು ನೆತ್ತರಿನಲ್ಲಿ ಬರುವುದು, ಇನ್ನೊಂದು ನಿದ್ದೆಗೆಡುವುದು. ಗಂಡನ ಮನೆಯವರು ಮೊದಲನೆಯದನ್ನು ಹಿಡಿದು ಜಗ್ಗುತ್ತಾರೆ, ಎರಡನೆಯದರ ಮಾತೇ ಎತ್ತುವುದಿಲ್ಲ. ನಾವು ಹೆದರಿ ಮೊದಲನೆಯದನ್ನು ಮುಚ್ಚಿಡುತ್ತೇವೆ. ಈ ಎರಡರ ನಡುವೆ ಜೀವಕ್ಕೆ ಎರವಾಗುವವಳು ಬಾಣಂತಿ.

ಹೆತ್ತ ಮೇಲೆ ಬರುವ ಮನಸ್ಸಿನ ತೊಂದರೆಗಳೆಲ್ಲ ಒಂದೇ ಅಲ್ಲ. ಮೂರನೆಯ, ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು ಬಹುಪಾಲು ತಾಯಂದಿರ ಅನುಭವ. ಅದು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡನೆಯದು ಖಿನ್ನತೆ. ಯಾವುದರಲ್ಲೂ ಆಸೆಯಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ, ಮಗು ಮಲಗಿದಾಗಲೂ ತನಗೆ ನಿದ್ದೆಯಿಲ್ಲ, ಸತ್ತರೆ ಸಾಕು ಎನಿಸುವುದು. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನೂರು ತಾಯಂದಿರಲ್ಲಿ 22 ಜನರಿಗೆ ಈ ಖಿನ್ನತೆ ಕಾಣುತ್ತದೆ. ನಮ್ಮ ಸಂಘದಲ್ಲಿ 20 ಜನ ಇದ್ದರೆ ನಾಲ್ವರಾದರೂ ಇದನ್ನು ಹಾದುಬಂದಿರಬಹುದು. ಅದಕ್ಕೆ ಹೆಸರಿದೆ ಎಂಬುದೇ ಅವರಿಗೆ ಗೊತ್ತಿರಲಿಕ್ಕಿಲ್ಲ. ಮೂರನೆಯದು ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದದ್ದು. ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ಹೀಗಾಗುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದೊಳಗೇ, ಹೇಳದೆ ಕೇಳದೆ ಬರುತ್ತದೆ. ಇದು ತಾಯತ ಕಟ್ಟಿಕೊಂಡು ಕಾಯುವ ಕಾಯಿಲೆಯಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಂಜು, ಜ್ವರದಿಂದಲೂ ಬುದ್ಧಿ ಭ್ರಮಿಸಬಹುದಾದ್ದರಿಂದ ವೈದ್ಯರೇ ನೋಡಬೇಕು. ಔಷಧ ಸಿಕ್ಕಿದರೆ ಬಹಳಷ್ಟು ಹೆಂಗಸರು ಪೂರ್ತಿ ಗುಣವಾಗುತ್ತಾರೆ. ನಮ್ಮ ಹುಡುಗಿಯೂ ಎರಡು ಸಲವೂ ಗುಣವಾದಳು.

ಈಗ ನೆತ್ತರಿನ ಮಾತಿಗೆ ಬರೋಣ. ಇದು ಸುಳ್ಳಲ್ಲ, ಸುಳ್ಳೆಂದು ವಾದಿಸುವುದೂ ಬೇಡ. ಬ್ರಿಟನ್ನಿನ ಇಯಾನ್ ಜೋನ್ಸ್ ಮತ್ತು ನಿಕ್ ಕ್ರಾಡಕ್ ಎಂಬ ವೈದ್ಯರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ್ದು ಬೈಪೋಲಾರ್ ಕಾಯಿಲೆ ಇದ್ದ ತಾಯಂದಿರನ್ನು. ಬೈಪೋಲಾರ್ ಎಂದರೆ ಕೆಲವು ಕಾಲ ಅತಿಯಾದ ಹುರುಪು, ಕೆಲವು ಕಾಲ ಕುಗ್ಗಿಹೋಗುವ ಕಾಯಿಲೆ. ಅಂಥವರಲ್ಲಿ ತಾಯಿಗೋ ಅಕ್ಕತಂಗಿಗೋ ಬಾಣಂತಿ ಸನ್ನಿ ಬಂದಿದ್ದರೆ ನೂರಕ್ಕೆ 74 ಜನರಿಗೆ ಅದು ಬಂದಿತ್ತು. ಮನೆತನದಲ್ಲಿ ಇಲ್ಲದಿದ್ದವರಲ್ಲಿ ನೂರಕ್ಕೆ 30. ಖಿನ್ನತೆಯ ಬಗ್ಗೆ ಸ್ವೀಡನ್ನಿನಲ್ಲಿ ಅವಳಿ ಸೋದರಿಯರನ್ನು ಹೋಲಿಸಿ ಮಾಡಿದ ಅಧ್ಯಯನ 2016ರಲ್ಲಿ ಬಂತು. ಬಸುರು ಬಾಣಂತನದ ಖಿನ್ನತೆ ಒಬ್ಬಳಿಗೆ ಬಂದು ಇನ್ನೊಬ್ಬಳಿಗೆ ಬಾರದಿರುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶದಿಂದ ಬಂದದ್ದು ಎಂದು ಅದು ಹೇಳುತ್ತದೆ.

ಈ ಅಂಕಿಗಳನ್ನು ಸರಿಯಾಗಿ ಓದಿಕೊಳ್ಳಬೇಕು. ಅತಿ ಹೆಚ್ಚು ಅಪಾಯವಿದ್ದ ಗುಂಪಿನಲ್ಲೂ ನಾಲ್ವರಲ್ಲಿ ಒಬ್ಬಳಿಗೆ ಕಾಯಿಲೆ ಬರಲಿಲ್ಲ. ವಂಶದ ಪಾಲು ಅರ್ಧವಾದರೆ ಉಳಿದರ್ಧ ಬದುಕಿನ ಪಾಲು. ಮನೆಯಲ್ಲಿ ಒಬ್ಬರಿಗೆ ಇದ್ದ ಮಾತ್ರಕ್ಕೆ ಹುಟ್ಟಿದ ಮಕ್ಕಳಿಗೆಲ್ಲ ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಸಕ್ಕರೆ ಕಾಯಿಲೆಯೂ ವಂಶದಲ್ಲಿ ಬರುತ್ತದೆ, ರಕ್ತದೊತ್ತಡವೂ ಬರುತ್ತದೆ. ಮಾವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮುಚ್ಚಿಟ್ಟು ಮದುವೆ ಮಾಡಿದರು, ದಂಡ ಕೊಡಿ ಎಂದು ಯಾವ ಸೊಸೆಯ ಕಡೆಯವರಾದರೂ ಪಂಚಾಯ್ತಿ ಸೇರಿಸಿದ್ದುಂಟೆ? ವಂಶದ ವಿಷಯ ವೈದ್ಯರಿಗೆ ಮುನ್ನೆಚ್ಚರಿಕೆಯ ಗಂಟೆ. ಅದನ್ನು ಕುತ್ತಿಗೆಗೆ ಕಟ್ಟುವ ಹಗ್ಗ ಮಾಡಿಕೊಂಡವರು ನಾವು, ಈ ಸಮಾಜ.

ಇನ್ನು ನಿದ್ದೆ. ಹೆತ್ತ ಕೂಡಲೇ ಹೆಂಗಸಿನ ಮೈಯಲ್ಲಿ ಕೆಲವು ಹಾರ್ಮೋನುಗಳು ಒಮ್ಮೆಗೇ ಇಳಿದುಹೋಗುತ್ತವೆ. ಅದರ ಮೇಲೆ ಎರಡು ಮೂರು ತಾಸಿಗೊಮ್ಮೆ ಏಳುವ ಮಗು. ನಿದ್ದೆ ತುಂಡುತುಂಡಾಗುತ್ತದೆ. ಎಲ್ಲ ತಾಯಂದಿರೂ ಇದನ್ನು ದಾಟುತ್ತಾರೆ, ಆದರೆ ವಂಶದಲ್ಲಿ ಎಳೆಯಿರುವವರಿಗೆ ಇದು ಒಣಹುಲ್ಲಿಗೆ ಬಿದ್ದ ಕಿಡಿಯಾಗಬಹುದು. 2018ರಲ್ಲಿ ಬ್ರಿಟನ್ನಿನಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ಇದು ಕಾಣುತ್ತದೆ. ಬೈಪೋಲಾರ್ ಇರುವವರಲ್ಲಿ, ನಿದ್ದೆಗೆಟ್ಟರೆ ಹುರುಪು ಕೆರಳುತ್ತದೆ ಎಂದು ಹೇಳಿದ ಹೆಂಗಸರಿಗೆ ಬಾಣಂತಿ ಸನ್ನಿಯ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟಿತ್ತು. ನಿದ್ದೆಗೆಡುವುದು ಕಾಯಿಲೆಯ ಕಾರಣವೂ ಆಗಬಹುದು, ಅದರ ಮೊದಲ ಗುರುತೂ ಆಗಬಹುದು. ನಿದ್ದೆ ಕೊಟ್ಟುಬಿಟ್ಟರೆ ಯಾರಿಗೂ ಸನ್ನಿ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನೆತ್ತರನ್ನು ಬದಲಿಸಲು ಯಾರಿಗೂ ಆಗದು, ನಿದ್ದೆಯನ್ನು ಕಾಯುವುದು ಮನೆಯವರ ಕೈಯಲ್ಲಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಅವಳ ನಿದ್ದೆಯನ್ನು ತಿನ್ನುವವರು ಯಾರು? ಮಗು ಒಂದೇ ಅಲ್ಲ. ಹನ್ನೊಂದನೆಯ ದಿನಕ್ಕೇ ಒಲೆ ಮುಂದೆ ಕೂರಿಸುವ ಮನೆಗಳಿವೆ. ಮಗುವನ್ನು ನೋಡಲು ಬಂದವರಿಗೆಲ್ಲ ಎದ್ದು ಕೂರಬೇಕು. ತೊಟ್ಟಿಲ ಶಾಸ್ತ್ರಕ್ಕೆ ಅಳಿಯನಿಗೆ ಉಂಗುರ, ಮಗುವಿಗೆ ಉಡಿದಾರ ಎಲ್ಲಿಂದ ತರುವುದೆಂದು ತಾಯಿ ರಾತ್ರಿಯೆಲ್ಲ ಲೆಕ್ಕ ಹಾಕುವುದು ಗೋಡೆಯಾಚೆ ಬಾಣಂತಿಗೆ ಕೇಳಿಸುತ್ತಿರುತ್ತದೆ. ಬಂಗಾರ ಬಂದರೆ ಮಾತ್ರ ಕರೆದೊಯ್ಯುತ್ತೇವೆ ಎಂಬ ಮಾತು ಕಿವಿಗೆ ಬಿದ್ದವಳಿಗೆ ಮಗು ಮಲಗಿದರೂ ಕಣ್ಣು ಮುಚ್ಚುತ್ತದೆಯೇ? ಮನೆಯ ಗಂಡಸು ಜಗಲಿಯಲ್ಲಿ ಮಲಗುತ್ತಾನೆ, "ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ" ಎಂದು. ಅವನ ನಿದ್ದೆ ದುಡಿಮೆಯ ಲೆಕ್ಕಕ್ಕೆ ಸೇರುತ್ತದೆ, ಅವಳ ನಿದ್ದೆ ಸೋಮಾರಿತನದ ಲೆಕ್ಕಕ್ಕೆ. ಅತ್ತೆಯೊಬ್ಬಳನ್ನೇ ದೂರಿ ಪ್ರಯೋಜನವಿಲ್ಲ. ತನ್ನ ಬಾಣಂತನದಲ್ಲೂ ನಿದ್ದೆ ಕಾಣದ ಹೆಂಗಸು ಅವಳು.

ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು 270 ತಾಯಂದಿರನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾವೆಲ್ಲ ತಿಳಿದಿರಬೇಕು. ಹೆರಿಗೆಯಾದ ಆರರಿಂದ ಎಂಟು ವಾರದಲ್ಲಿ ನೂರಕ್ಕೆ 23 ಜನರಿಗೆ ಖಿನ್ನತೆಯಿತ್ತು. ಅವರಲ್ಲಿ ಬಹುಪಾಲು ಹೆಂಗಸರು ಬಸುರಿಯಾಗಿದ್ದಾಗಲೇ ಮನಸ್ಸಿನಲ್ಲಿ ಕುಗ್ಗಿದ್ದರು. ಬಡತನ ಮತ್ತು ಗಂಡನೊಡನೆ ಕೆಟ್ಟ ಸಂಬಂಧ ಇದ್ದವರಿಗೆ ಅಪಾಯ ಹೆಚ್ಚಿತ್ತು. ಹಸಿವು, ಗಂಡನ ಹೊಡೆತ ಇದ್ದ ಕಡೆ ಹುಟ್ಟಿದ್ದು ಹೆಣ್ಣುಮಗುವಾದರೆ ಇನ್ನೂ ಹೆಚ್ಚು. ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸಿದ ಮನೆಯವರೇ ಆಮೇಲೆ "ಇದು ಅವಳ ವಂಶದ ಕಾಯಿಲೆ" ಎನ್ನುತ್ತಾರೆ. ಉಳಿದರ್ಧ ಬದುಕಿನ ಪಾಲು ಎಂದೆನಲ್ಲ, ಅದು ಇದೇ.

ಕಾನೂನು ಏನು ಹೇಳುತ್ತದೆ ಎಂಬುದೂ ನಮ್ಮ ಬಾಯಲ್ಲಿರಬೇಕು. ಚಿಕ್ಕಮ್ಮನಿಗೋ ಅಜ್ಜಿಗೋ ಕಾಯಿಲೆ ಇತ್ತು ಎಂಬುದು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವೇ ಅಲ್ಲ. ಹೆಂಡತಿಗೇ ಕಾಯಿಲೆ ಬಂದರೂ ಬರೀ ಕಾಯಿಲೆಯ ಹೆಸರು ಸಾಲದು, ಅದು ಒಟ್ಟಿಗೆ ಬಾಳಲಾಗದಷ್ಟು ತೀವ್ರವಾಗಿದೆ ಎಂದು ತೋರಿಸಬೇಕೆಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು. ಮಗುವಿಗೆ ಅಪಾಯವಿದ್ದರೆ ಮಾತ್ರ ತಾತ್ಕಾಲಿಕವಾಗಿ ಬೇರೆ ಇಡಬಹುದು, ಅದನ್ನೂ 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಆಸ್ಪತ್ರೆಗೇ ಇಷ್ಟು ಕಟ್ಟುಪಾಡು ಇರುವಾಗ, ತಾವೇ ತೀರ್ಪು ಕೊಟ್ಟುಕೊಂಡು ಮಗುವನ್ನು ಕಿತ್ತಿಟ್ಟುಕೊಳ್ಳಲು ಗಂಡನ ಮನೆಯವರು ಯಾರು? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಗಂಡುಮಗು ಆಗಲಿಲ್ಲವೆಂದು ಹಂಗಿಸುವುದನ್ನು ದೌರ್ಜನ್ಯವೆಂದು ಹೆಸರಿಸಿಯೇ ಬರೆದಿದ್ದಾರೆ. ಹೆಂಗಸಿನ ದೇಹದ, ಮನಸ್ಸಿನ ಆರೋಗ್ಯಕ್ಕೆ ಅಪಾಯ ತರುವ ನಡತೆಯೂ ಅದರೊಳಗೆ ಬರುತ್ತದೆ. ಹಾಗಿದ್ದ ಮೇಲೆ ಬಾಣಂತಿಯನ್ನು ಬೇಕೆಂದೇ ಮಲಗಗೊಡದಿರುವುದೂ ದೌರ್ಜನ್ಯವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಡೆದ ಗಾಯ ಕಾಣುತ್ತದೆ, ನಿದ್ದೆಗೆಡಿಸಿದ ಗಾಯ ಕಾಣುವುದಿಲ್ಲ. ಇದ್ದ ವ್ಯತ್ಯಾಸ ಅಷ್ಟೇ.

ಸಂಘದವರು ಏನು ಮಾಡಬಹುದು? ನಾವು ಮಾಡಿಕೊಂಡಿರುವುದನ್ನು ಹೇಳುತ್ತೇನೆ.

ನಮ್ಮ ಉಳಿತಾಯದ ಪುಸ್ತಕದ ಹಿಂದೆ, ಬಸುರಿಯರ ಹೆಸರು ಮತ್ತು ದಿನ ತುಂಬುವ ತಿಂಗಳು ಬರೆದಿಡುತ್ತೇವೆ. ಏಳನೆಯ ತಿಂಗಳಲ್ಲಿ ಇಬ್ಬರು ಸದಸ್ಯೆಯರು ಹೋಗಿ ಅವಳ ತಾಯಿಯನ್ನು ಗುಟ್ಟಾಗಿ ಕೇಳುತ್ತಾರೆ: ಇವಳಿಗೆ ಹಿಂದೆ ಹೀಗೆ ಆಗಿತ್ತೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿತ್ತೇ? ಹೌದೆಂದರೆ ಆ ಮಾತು ವೈದ್ಯರ ಕಿವಿಗೆ ಮಾತ್ರ ಹೋಗಬೇಕು, ಊರ ಕಟ್ಟೆಗೆ ಹೋಗಬಾರದು. ಈ ಗುಟ್ಟನ್ನು ಕಾಯಲಾಗದ ಸಂಘ ಕೇಳಲೇಬಾರದು.

ಹೆರಿಗೆಯ ನಂತರ ಮೊದಲ ಎರಡು ವಾರ ರಾತ್ರಿಯ ಪಾಳಿ. ತಾಯಿಯೋ ಅತ್ತೆಯೋ ಗಂಡನೋ, ಯಾರೂ ಇಲ್ಲದಿದ್ದರೆ ಸಂಘದವಳೊಬ್ಬಳು ಮಗುವನ್ನು ನೋಡಿಕೊಳ್ಳಬೇಕು. ಬಾಣಂತಿ ಹಾಲು ಕುಡಿಸಿ ಹಾಗೇ ಮಲಗಬೇಕು. ತೇಗಿಸುವುದು, ಬಟ್ಟೆ ಬದಲಿಸುವುದು, ತೂಗುವುದು ಬೇರೆಯವರ ಕೆಲಸ. ಹಾಲು ಚೆನ್ನಾಗಿ ಇಳಿದ ಮೇಲೆ ಒಂದು ಹೊತ್ತಿನದನ್ನು ಶುಚಿಯಾದ ಲೋಟಕ್ಕೆ ಹಿಂಡಿಟ್ಟು ಒಳಲೆಯಲ್ಲಿ ಕುಡಿಸಬಹುದು. ಆಗ ಅವಳಿಗೆ ನಾಲ್ಕೈದು ತಾಸು ಒಂದೇ ಸಮನೆ ನಿದ್ದೆ ಸಿಗುತ್ತದೆ. ಹಗಲು ಮಲಗಿದರೂ ಮಲಗಲಿ. ಗಂಡಂದಿರಿಗೆ ಇದನ್ನು ಹೇಳಲು ಹೋದಾಗ ಮೊದಮೊದಲು ನಕ್ಕರು. ಈಗ ಇಬ್ಬರು ಮೂವರು ತೊಟ್ಟಿಲು ತೂಗುತ್ತಿದ್ದಾರೆ.

ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾಳೆ. ಮಗುವಿನ ತೂಕ ನೋಡಿದ ಮೇಲೆ ತಾಯಿಯನ್ನೂ ಒಂದು ಮಾತು ಕೇಳಲಿ ಎಂದು ಅವಳಿಗೆ ಹೇಳಿದ್ದೇವೆ: "ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ?" ಬರುವುದಿಲ್ಲ ಎಂದರೆ ಕೇಳಿ ಸುಮ್ಮನಾಗಬಾರದು. ಎರಡು ರಾತ್ರಿ ನಿದ್ದೆಯಿಲ್ಲದೆಯೂ ದಣಿವಿಲ್ಲದೆ ಓಡಾಡುತ್ತಿದ್ದರೆ, ಮಾತು ನಿಲ್ಲದಿದ್ದರೆ, ಇಲ್ಲದ ಸಂಶಯ ಪಡುತ್ತಿದ್ದರೆ, ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು 2009ರಲ್ಲಿ ಆರಂಭವಾಯಿತು. ಟೆಲಿ-ಮಾನಸ್ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ, ಹಣ ಕೊಡಬೇಕಿಲ್ಲ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಪ್ರಯಾಣದ ಖರ್ಚಿಗೆ ಸಂಘದಿಂದ ಬಡ್ಡಿಯಿಲ್ಲದೆ ಕೊಡುತ್ತೇವೆ.

ಕೊನೆಯದಾಗಿ ನಾಚಿಕೆಯಿಂದಲೇ ಹೇಳಬೇಕಾದ ಒಂದು ಮಾತು. ವಾರದ ಸಭೆಗೆ ಬರಲಿಲ್ಲವೆಂದು ಬಾಣಂತಿಗೂ ದಂಡ ಹಾಕುತ್ತಿದ್ದ ಸಂಘ ನಮ್ಮದು. ಗಂಡಿನ ಕಡೆಯವರು ಕೇಳಿದ ದಂಡವನ್ನು ಅನ್ಯಾಯವೆಂದು ಕೂಗಿದ ನಾವು ನಮ್ಮ ಪುಸ್ತಕದ ದಂಡವನ್ನು ನೋಡಿರಲಿಲ್ಲ. ಅದನ್ನು ಈಗ ತೆಗೆದುಹಾಕಿದ್ದೇವೆ. ಮೂರು ತಿಂಗಳು ಅವಳ ಉಳಿತಾಯದ ಕಂತನ್ನು ಬೇರೆಯವರು ಹಂಚಿಕೊಂಡು ಕಟ್ಟುತ್ತಾರೆ.

ಆ ಹುಡುಗಿ ಈಗ ನಮ್ಮ ಸಂಘದ ಸದಸ್ಯೆ. ಮಾತ್ರೆ ತೆಗೆದುಕೊಳ್ಳುತ್ತಾಳೆ, ಎರಡು ಮಕ್ಕಳನ್ನು ಶಾಲೆಗೆ ಕಳಿಸುತ್ತಾಳೆ. ಮೊನ್ನೆ ಒಬ್ಬ ಬಸುರಿಯ ಮನೆಗೆ ಏಳನೆಯ ತಿಂಗಳ ಮಾತಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಅವಳೇ ಎದ್ದು ನಿಂತಳು. "ನಾನು ಹೋಗ್ತೀನಿ ಅಕ್ಕಾ, ನಮ್ಮ ಚಿಕ್ಕಮ್ಮನ ವಿಷಯಾನೂ ಹೇಳ್ತೀನಿ" ಎಂದಳು. ಅವಳ ತಾಯಿ ಪಕ್ಕದಲ್ಲೇ ಕೂತಿದ್ದಳು. ಈ ಸಲ ಅವಳು ನನ್ನ ಮುಖ ನೋಡಲಿಲ್ಲ.